ನಮೂನೆ 7 ತುಂಬುವ ಮೊದಲು

ಕಲಬುರಗಿ
25 ಜನವರಿ 2026, ರವಿವಾರ

ಇವತ್ತು ರಾಷ್ಟ್ರೀಯ ಮತದಾರರ ದಿನ. ಭಾರತದ ಪ್ರಜೆಯಲ್ಲದವರ ಒಂದೇ ಒಂದು ಹೆಸರೂ ಮತದಾರರ ಪಟ್ಟಿಯಲ್ಲಿ ಇರಕೂಡದು. ಈ ವಿಷಯದಲ್ಲಿ ರಾಜಿ ಬೇಡ. ಪಟ್ಟಿಯಿಂದ ಹೆಸರು ತೆಗೆಸಲು ಹಾಕುವ ಅರ್ಜಿಯೇ ನಮೂನೆ 7. ಸಂವಿಧಾನದ 326ನೇ ವಿಧಿ ಮತದ ಹಕ್ಕು ಕೊಟ್ಟಿರುವುದು ಪ್ರಜೆಗೆ, ಬರೀ ಇಲ್ಲಿ ವಾಸ ಇರುವವರಿಗಲ್ಲ. ಹೋದ ವರ್ಷ ಸೆಪ್ಟೆಂಬರ್ 1ರಂದು ಜಾರಿಗೆ ಬಂದ ವಲಸೆ ಮತ್ತು ವಿದೇಶಿಯರ ಕಾಯ್ದೆ ಹಳೆಯ ನಾಲ್ಕು ಕಾನೂನುಗಳ ಜಾಗ ತುಂಬಿದೆ. ಪಾಸ್‌ಪೋರ್ಟ್, ವೀಸಾ ಇಲ್ಲದೆ ಒಳಬಂದವರಿಗೆ 5 ವರ್ಷದವರೆಗೆ ಜೈಲು, 5 ಲಕ್ಷ ರೂಪಾಯಿವರೆಗೆ ದಂಡ. ಇಷ್ಟು ಬಿಗಿ ಇರಲೇಬೇಕು.

ಆದರೆ ಬಿಗಿ ಬೇರೆ, ಅವಸರ ಬೇರೆ. ನಮ್ಮ ಆಳಂದದಲ್ಲೇ ನೋಡಿದೆವಲ್ಲ. 2023ರ ಚುನಾವಣೆಗೆ ಮೊದಲು ಹೆಸರು ತೆಗೆಯಲು ಆನ್‌ಲೈನ್‌ನಲ್ಲಿ ಬಂದ ನಮೂನೆ 7 ಅರ್ಜಿ 6,018. ಪರಿಶೀಲಿಸಿದಾಗ ಸರಿ ಇದ್ದವು 24. ಉಳಿದ 5,994 ತಪ್ಪು. ಅಧಿಕಾರಿಗಳು ಮನೆಮನೆಗೆ ಹೋಗಿ ನೋಡದೇ ಹೋಗಿದ್ದರೆ ಅಷ್ಟೂ ಜನ ಮತಗಟ್ಟೆಯಿಂದ ವಾಪಸ್ ಬರಬೇಕಿತ್ತು.

ನಮೂನೆ 7ರಲ್ಲಿ ಆಕ್ಷೇಪಣೆ ಹಾಕುವವರ ಹೆಸರೂ ಅದೇ ಕ್ಷೇತ್ರದ ಪಟ್ಟಿಯಲ್ಲಿರಬೇಕು. ಒಬ್ಬ ಮತದಾರನಿಗೆ ಒಂದು ಅರ್ಜಿ. ಕಟ್ಟು ಕಟ್ಟಿ ಒಯ್ದು ಕೊಟ್ಟರೆ ನಡೆಯದು. ಮರಣ, ಸ್ಥಳಾಂತರ, ಎರಡು ಕಡೆ ಹೆಸರು, ವಯಸ್ಸು ತುಂಬದಿರುವುದು, ಪ್ರಜೆಯಲ್ಲದಿರುವುದು, ಇವುಗಳಲ್ಲಿ ಯಾವುದೆಂದು ಗುರುತು ಮಾಡಬೇಕು. ಅದನ್ನು ಸಾಬೀತು ಮಾಡುವ ಹೊರೆ ಅರ್ಜಿ ಹಾಕಿದವರದ್ದೇ. ಬಹಳ ಜನ ಎಡವುವುದು ಇಲ್ಲೇ. ಕಟ್ಟಡ ಕೆಲಸಕ್ಕೆ ಬಂದವರು ಬಂಗಾಳಿ ಮಾತಾಡುತ್ತಾರೆ ಎನ್ನುವುದು ಸಾಕ್ಷ್ಯವಲ್ಲ. ಮಾಲ್ಡಾ, ಮುರ್ಷಿದಾಬಾದ್ ನಮ್ಮದೇ ದೇಶದ ಜಿಲ್ಲೆಗಳು. ಹಾಗೆಯೇ ಆಧಾರ್ ಕಾರ್ಡ್ ಇದ್ದ ಮಾತ್ರಕ್ಕೆ ಪ್ರಜೆ ಅಂತಲೂ ಅಲ್ಲ. ಜನನ ದಿನಾಂಕ ನೋಡಬೇಕು: 1987ರ ಜುಲೈ 1ಕ್ಕಿಂತ ಮೊದಲು ಭಾರತದಲ್ಲಿ ಹುಟ್ಟಿದವರಿಗೆ ಸಾಮಾನ್ಯವಾಗಿ ಹುಟ್ಟೇ ಸಾಕು. ಆಮೇಲೆ 2004ರ ಡಿಸೆಂಬರ್ 3ರ ಮೊದಲು ಹುಟ್ಟಿದ್ದರೆ ತಂದೆ ತಾಯಿಯಲ್ಲಿ ಒಬ್ಬರು ಪ್ರಜೆಯಾಗಿರಬೇಕು. ಅದರ ನಂತರದವರಿಗೆ ಇಬ್ಬರೂ ಪ್ರಜೆಗಳಾಗಿರಬೇಕು, ಇಲ್ಲವೇ ಒಬ್ಬರು ಪ್ರಜೆಯಾಗಿದ್ದು ಇನ್ನೊಬ್ಬರು ಅಕ್ರಮ ವಲಸಿಗರಾಗಿರಬಾರದು.

ಅರ್ಜಿ ಬಂದ ಮೇಲೆ ಮತದಾರರ ನೋಂದಣಿ ಅಧಿಕಾರಿ ನೋಟಿಸ್ ಕೊಟ್ಟು, ವಿಚಾರಣೆ ನಡೆಸಿ, ಆಮೇಲೆ ಆದೇಶ. ಪಟ್ಟಿಯಲ್ಲಿ ಈಗಾಗಲೇ ಇರುವವರ ಮಾತು ಕೇಳದೆ ಹೆಸರು ಹೊಡೆಯುವಂತಿಲ್ಲ ಎಂಬುದನ್ನು ಸುಪ್ರೀಂ ಕೋರ್ಟ್ 1995ರಲ್ಲೇ ಲಾಲ್ ಬಾಬು ಹುಸೇನ್ ಪ್ರಕರಣದಲ್ಲಿ ಸ್ಪಷ್ಟಪಡಿಸಿದೆ. ಆದೇಶ ಒಪ್ಪಿಗೆಯಾಗದಿದ್ದರೆ 15 ದಿನದೊಳಗೆ ಜಿಲ್ಲಾಧಿಕಾರಿಗೆ ಮೇಲ್ಮನವಿ. ಸುಳ್ಳು ಘೋಷಣೆಗೆ ಒಂದು ವರ್ಷದವರೆಗೆ ಜೈಲು.

ಪತ್ರಿಕೆಗಳ ಮೇಲೂ ನನ್ನ ತಕರಾರಿದೆ. ಪೊಲೀಸರು ಬರೀ ಕಾಗದ ಪರಿಶೀಲಿಸಿದ ದಿನವೇ 'ಅಕ್ರಮ ವಲಸಿಗರು ಪತ್ತೆ' ಅಂತ ತಲೆಬರಹ ಕೊಡುವುದು ಅನ್ಯಾಯ. ಕಾಗದ ಕೇಳಿದವರನ್ನೆಲ್ಲ ದ್ವೇಷದವರು ಎಂದು ಬರೆಯುವುದೂ ಅಷ್ಟೇ ಅನ್ಯಾಯ. ಇಂಥದ್ದಕ್ಕೆ ವಾಟ್ಸಾಪ್‌ನಲ್ಲಿ ಬೈದರೆ ಏನೂ ಆಗದು. ಮೊದಲು ಸಂಪಾದಕರಿಗೆ ಪತ್ರ ಬರೆಯಿರಿ, ಪ್ರತಿ ಇಟ್ಟುಕೊಳ್ಳಿ. ದಿನಪತ್ರಿಕೆಯಾದರೆ ಪ್ರಕಟವಾದ ಎರಡು ತಿಂಗಳೊಳಗೆ ಭಾರತೀಯ ಪತ್ರಿಕಾ ಮಂಡಳಿಗೆ ದೂರು ಕೊಡಬೇಕು. ಜತೆಗೆ ಸುದ್ದಿಯ ಕಟಿಂಗ್, ಅದರ ಇಂಗ್ಲಿಷ್ ಅನುವಾದ, ಸಂಪಾದಕರಿಗೆ ಬರೆದ ಪತ್ರದ ಪ್ರತಿ, ಇದೇ ವಿಷಯ ಕೋರ್ಟಿನಲ್ಲಿ ಇಲ್ಲವೆಂಬ ಘೋಷಣೆ ಇರಲಿ. ಮಂಡಳಿ ದಂಡ ಹಾಕುವುದಿಲ್ಲ. ಎಚ್ಚರಿಕೆ ಕೊಡಬಹುದು, ಛೀಮಾರಿ ಹಾಕಬಹುದು.