ನಮ್ಮ ಗುಂಡನಿಗೆ ವಯಸ್ಸಾಯ್ತು

ಬಳ್ಳಾರಿ ಬಿಸಿಲು 40 ಡಿಗ್ರಿ ದಾಟಿದರೆ ನನಗೆ ಗುಂಡನದೇ ಚಿಂತೆ. ನಮ್ಮ ಬೆಕ್ಕು ಅವನು; ಮ್ಯಾಂಕ್ಸ್ ತಳಿ, ಮೈತುಂಬಾ ಎರಡು ಪದರದ ಕೂದಲು, ಬಾಲದ ಜಾಗದಲ್ಲಿ ಬರೀ ಒಂದು ಉಬ್ಬು. ಮಧ್ಯಾಹ್ನ ಪೂರ್ತಿ ಬಚ್ಚಲ ಬಾಗಿಲ ಹತ್ತಿರ ಕಡಪಾ ಕಲ್ಲಿಗೆ ಹೊಟ್ಟೆ ಒತ್ತಿಕೊಂಡು ಮಲಗಿರುತ್ತಾನೆ.

ಈ ತಳಿ ಐಲ್ ಆಫ್ ಮ್ಯಾನ್ ದ್ವೀಪದ್ದು. ಬಾಲ ಇಲ್ಲದಂತೆ ಮಾಡುವ ಜೀನ್ ಬೆನ್ನುಮೂಳೆಗೂ ತೊಂದರೆ ಕೊಡಬಹುದು. ಸಾಮಾನ್ಯವಾಗಿ ಮೊದಲ ಆರು ತಿಂಗಳೊಳಗೇ ಗೊತ್ತಾಗುತ್ತೆ: ಹಿಂಗಾಲು ಎಳೆಯುತ್ತವೆ, ಉಚ್ಚೆ ಹಿಡಿತಕ್ಕೆ ಬರಲ್ಲ. ಮರಿ ತರುವವರು ಚಂದಕ್ಕೆ ಮರುಳಾಗಬೇಡಿ, ದಯವಿಟ್ಟು ನಡಿಗೆ ನೋಡಿ. ಬಾಲವಿಲ್ಲದ ಎರಡನ್ನು ಜೋಡಿ ಮಾಡಬೇಡಿ. ತಂದೆ ತಾಯಿ ಇಬ್ಬರಿಂದಲೂ ಆ ಜೀನ್ ಬಂದ ಮರಿ ಹೊಟ್ಟೆಯಲ್ಲೇ ಸಾಯುತ್ತದೆ.

ಪ್ರಾಯದಲ್ಲಿ ಗುಂಡ ಕಾಂಪೌಂಡ್ ಗೋಡೆ ಹಾರುತ್ತಿದ್ದ. ಈಗ ಮಂಚ ಹತ್ತಲೂ ಹಿಂದೆಮುಂದೆ ನೋಡುತ್ತಾನೆ. ನನ್ನ ಕಣ್ಣೆದುರು ಹುಟ್ಟಿದವನು, ನನಗಿಂತ ಮೊದಲೇ ಮುದುಕನಾಗಿಬಿಟ್ಟ. ಮಲಬದ್ಧತೆ ಜಾಸ್ತಿ, ಅದಕ್ಕೆ ನೀರು ಬೆರೆಸಿದ ಮೆತ್ತನೆ ಊಟ. ಮರಳಿನ ತಟ್ಟೆಯೂ ಈಗ ತಗ್ಗಿನದು. ಅವ್ವ ಬೆನ್ನು ಸವರುತ್ತಾ ಬಂದು ಆ ಉಬ್ಬಿನ ಹತ್ತಿರ ಕೈ ಎತ್ತಿಬಿಡುತ್ತಾಳೆ. ಅಲ್ಲಿ ಮುಟ್ಟಿದರೆ ಅವನಿಗೆ ನೋವು.

ನಾಳೆ ಕಿಡ್ನಿ ಟೆಸ್ಟ್ ಇದೆ. ಬಿಸಿಲೇರುವ ಮೊದಲೇ ಕರೆದುಕೊಂಡು ಹೋಗಬೇಕು.