ನಮ್ಮೂರಿಗೆ ಹದಿನಾರು ಇಂಚು ಸಾಕು

ಚಿಕ್ಕಮಗಳೂರು, 12 ಜನವರಿ 2025, ಭಾನುವಾರ

ಕಾರಿನ ಕಾಯಿಲೆ ಕೊನೆಗೂ ಇವತ್ತು ಕೈಗೆ ಸಿಕ್ಕಿತು. ಮೂರು ವಾರಗಳಿಂದ ಎಂಜಿನ್ ನಿಂತಲ್ಲೇ ಉಬ್ಬಸ ಹಿಡಿದಂತೆ ಏರಿಳಿಯುತ್ತಿತ್ತು. ನಿಮಿಷಕ್ಕೆ 800 ಸುತ್ತಿನಲ್ಲಿ ನಿಲ್ಲಬೇಕಾದ ಐಡ್ಲಿಂಗ್ (ಕಾರು ನಿಂತಾಗಿನ ಎಂಜಿನ್ ವೇಗ) 1,300ಕ್ಕೆ ಹಾರಿ ಮತ್ತೆ ಕುಸಿಯುತ್ತಿತ್ತು. ಶುಕ್ರವಾರ ಕೈಮರದಿಂದ ಇಳಿಯುವಾಗ ಬ್ರೇಕ್ ಪೆಡಲ್ ಕಲ್ಲಿನಂತೆ ಗಟ್ಟಿಯಾಯಿತು. ಪಕ್ಕದಲ್ಲಿ ಅಮ್ಮ ಇದ್ದಳು. ಎರಡು ತಿರುವು ದಾಟುವಷ್ಟರಲ್ಲಿ ನನ್ನ ಅಂಗೈ ಒದ್ದೆಯಾಗಿತ್ತು.

ನಿನ್ನೆ ಒಂದು ಗ್ಯಾರೇಜಿನಲ್ಲಿ ಎಂಜಿನ್ ಗಾಳಿ ಎಳೆಯುವ ಬಲವನ್ನು ಅಳೆಯುವ ವ್ಯಾಕ್ಯೂಮ್ ಗೇಜ್ ಹಾಕಿ ನೋಡಿದರು. ಪಾದರಸದ ಲೆಕ್ಕದಲ್ಲಿ 12 ಇಂಚು. 'ಹದಿನೆಂಟಾದರೂ ಇರಬೇಕು ಸರ್, ಪಿಸ್ಟನ್ ರಿಂಗ್ ಸವೆದುಹೋಗಿದೆ, ಎಂಜಿನ್ ಬಿಚ್ಚಬೇಕು' ಎಂದರು. ರಾತ್ರಿಯೆಲ್ಲ ಆ ಮಾತೇ ತಲೆಯಲ್ಲಿ. ಆದರೆ ಹದಿನೆಂಟು ಎನ್ನುವುದು ಸಮುದ್ರದ ಮಟ್ಟದ ಲೆಕ್ಕ. ಮೇಲೇರಿದಂತೆ ಗಾಳಿಯ ಒತ್ತಡ ಇಳಿಯುತ್ತದೆ, ಸಾವಿರ ಅಡಿಗೆ ಸುಮಾರು ಒಂದು ಇಂಚು ಕಳೆಯಬೇಕು. ನಮ್ಮೂರು ಇರುವುದೇ ಸುಮಾರು 3,500 ಅಡಿ ಎತ್ತರದಲ್ಲಿ. ಇಲ್ಲಿ ಆರೋಗ್ಯವಂತ ಎಂಜಿನ್ನೂ ಹದಿನೈದು, ಹದಿನಾರು ತೋರಿಸಿದರೆ ಸಾಕು. ಮಂಗಳೂರಿನ ಅಳತೆಗೋಲಿನಿಂದ ಚಿಕ್ಕಮಗಳೂರಿನ ಎಂಜಿನ್ ಅಳೆದು ಅದನ್ನು ಬಿಚ್ಚಿಹಾಕುವುದು ಅನ್ಯಾಯ. ನಮಗೆ ಕೊರತೆ ಇದ್ದದ್ದು ಮೂರ್ನಾಲ್ಕು ಇಂಚು, ಜೊತೆಗೆ ಪೆಡಲ್ ಬೇರೆ ಗಟ್ಟಿ. ಎರಡನ್ನೂ ಸೇರಿಸಿದರೆ ಬೆರಳು ಹೋಗುವುದು ಬ್ರೇಕ್ ಬೂಸ್ಟರಿನ, ಅಂದರೆ ಎಂಜಿನ್ನಿನ ಎಳೆತ ಬಳಸಿ ಪೆಡಲನ್ನು ಹಗುರ ಮಾಡುವ ಡಬ್ಬಿಯ, ಪೈಪಿನ ಕಡೆಗೆ.

ಬೆಳಿಗ್ಗೆ ಬಾನೆಟ್ ಎತ್ತಿ, ಎಂಜಿನ್ ಚಾಲೂ ಮಾಡಿ, ಗಾಳಿ ಎಲ್ಲಿ ಒಳಸೇರುತ್ತಿದೆ ಎಂದು ಹುಡುಕಲು ಸೋಪಿನ ನೀರು ಸಿಂಪಡಿಸುತ್ತ ಹೋದೆ. ಇದಕ್ಕೆ ಪೆಟ್ರೋಲ್ ಎರಚುವವರಿದ್ದಾರೆ. ಕಾದ ಎಂಜಿನ್ನಿನ ಮೇಲೆ ಅದು ಬೆಂಕಿಯನ್ನು ಕರೆದಂತೆ, ದಯವಿಟ್ಟು ಮಾಡಬೇಡಿ. ಎಂಜಿನ್ನಿಗೆ ಗಾಳಿ ಹಂಚುವ ಮ್ಯಾನಿಫೋಲ್ಡಿನ ಗ್ಯಾಸ್ಕೆಟ್ಟಿನ (ಸಂದು ಮುಚ್ಚುವ ಹಾಳೆಯ) ಅಂಚಿನಲ್ಲಿ ಏನೂ ಆಗಲಿಲ್ಲ. ಬೂಸ್ಟರ್ ಪೈಪು ಮ್ಯಾನಿಫೋಲ್ಡಿಗೆ ಸೇರುವಲ್ಲಿ, ಕ್ಲಿಪ್ಪಿನ ಹಿಂದೆ, ನೊರೆ ಜುರ್ರೆಂದು ಒಳಗೆ ಮಾಯವಾಯಿತು. ಕನ್ನಡಿ ಹಿಡಿದು ಕೆಳಮೈ ನೋಡಿದೆ. ಉಗುರು ಒತ್ತಿದಷ್ಟು ಉದ್ದದ ಸೀಳು. ಪೈಪನ್ನು ಸ್ವಲ್ಪ ಬಾಗಿಸಿದರೆ ಬಾಯಿ ತೆರೆಯುತ್ತದೆ, ಬಿಟ್ಟರೆ ಮುಚ್ಚಿಕೊಳ್ಳುತ್ತದೆ. ಹೆಬ್ಬೆರಳಿನಿಂದ ಅದುಮಿದೆ. ಬುಸುಗುಟ್ಟುವಿಕೆ ನಿಂತಿತು, ಎಂಜಿನ್ ತಣ್ಣಗೆ 800ಕ್ಕೆ ಇಳಿಯಿತು. ಗಾಳಿಯನ್ನು ಹತೋಟಿಯಲ್ಲಿಡುವ ಥ್ರಾಟಲ್ ದಾಟದೆ ಹಿತ್ತಿಲ ಬಾಗಿಲಿನಿಂದ ನುಗ್ಗುತ್ತಿದ್ದ ಗಾಳಿಯೇ ಇಷ್ಟು ದಿನ ಕಾಡಿದ್ದು!

ಪೇಟೆಗೆ ಹೋಗಿ ಬೂಸ್ಟರಿಗೆಂದೇ ಬರುವ ಪೈಪು ತಂದೆ. ಸಾಮಾನ್ಯ ನೀರಿನ ಪೈಪು ಹಾಕಿದರೆ ಎಳೆತಕ್ಕೆ ಚಪ್ಪಟೆಯಾಗುತ್ತದೆ. ಗಾಳಿಯನ್ನು ಒಂದೇ ದಿಕ್ಕಿಗೆ ಬಿಡುವ ಚೆಕ್ ವಾಲ್ವಿನ ಬಾಣ ಎಂಜಿನ್ ಕಡೆಗೇ ಇದೆಯೇ ಎಂದು ಎರಡು ಸಲ ನೋಡಿ ಕೂರಿಸಿದೆ.

ಅಮ್ಮ ಜಗಲಿಯಲ್ಲಿ ಎಳ್ಳುಬೆಲ್ಲಕ್ಕೆ ಕೊಬ್ಬರಿ ಹೆಚ್ಚುತ್ತಿದ್ದಳು. ಕರೆದು ಡ್ರೈವರ್ ಸೀಟಿನಲ್ಲಿ ಕೂರಿಸಿದೆ. 'ಎಂಜಿನ್ ಆಫ್ ಇದೆ, ಬ್ರೇಕನ್ನು ನಾಲ್ಕೈದು ಸಲ ತುಳಿ. ಗಟ್ಟಿಯಾದ ಮೇಲೆ ಕಾಲು ತೆಗೆಯಬೇಡ' ಎಂದು ಪಕ್ಕದಿಂದ ಕೀ ತಿರುಗಿಸಿದೆ.

'ಅಯ್ಯೋ, ಕೆಳಗೆ ಹೋಯಿತಲ್ಲೋ!'

ಹೋಗಲೇಬೇಕು, ಬೂಸ್ಟರಿಗೆ ಎಳೆತ ಸಿಕ್ಕಿತು ಎನ್ನುವುದಕ್ಕೆ ಅದೇ ಗುರುತು. ಸಂಜೆ ಅದೇ ಗ್ಯಾರೇಜಿನಲ್ಲಿ ಮತ್ತೆ ಗೇಜ್ ಹಾಕಿಸಿದೆ: 16. ಹುಡುಗರಿಗೆ ಸೀಳಿದ ತುಂಡನ್ನು ಬಾಗಿಸಿ ತೋರಿಸಿದೆ, ಒಬ್ಬ ಅದನ್ನು ಕೇಳಿ ಇಟ್ಟುಕೊಂಡ. ಉಳಿದ ಸಣ್ಣ ಪೈಪುಗಳಿಗೂ ಅಷ್ಟೇ ವಯಸ್ಸಾಗಿದೆ. ಸಂಕ್ರಾಂತಿ ಮುಗಿದ ಮೇಲೆ ಅವನ್ನೂ ಬದಲಿಸುತ್ತೇನೆ.