ಅಜ್ಜಿ ಓದಿಸಿದ ಅಧ್ಯಾಯ

2021ರ ನವೆಂಬರ್. ಕೋಲಾರದಲ್ಲಿ ಅಂಥ ಮಳೆ ನಾನು ನೋಡಿರಲಿಲ್ಲ. ವರ್ಷಗಟ್ಟಲೆ ಒಣಗಿ ಜಾಲಿ ಬೆಳೆದಿದ್ದ ಕೆರೆಗಳು ತುಂಬಿ ಕೋಡಿ ಹೋಗಿದ್ದವು. ಊರಿಗೆ ಊರೇ ಕೋಡಿ ನೋಡಲು ಹೋಗುತ್ತಿತ್ತು. ನಾನು ಮಾತ್ರ ಇಟಿಸಿಎಂ ಆಸ್ಪತ್ರೆಯ ವರಾಂಡದಲ್ಲಿ ಗೋಡೆಗೆ ಒರಗಿ ಕೂತಿದ್ದೆ. ಒಳಗೆ ಹೆಂಗಸರ ವಾರ್ಡಿನಲ್ಲಿ ಅಮ್ಮ. ನ್ಯುಮೋನಿಯಾ ಅಂದಿದ್ದರು.

1910ರಲ್ಲಿ ಮೆಥೋಡಿಸ್ಟ್ ಮಿಷನ್‌ನವರು ಶುರು ಮಾಡಿದ ಆಸ್ಪತ್ರೆ ಅದು. ನಾನು ಹುಟ್ಟಿದ್ದೂ ಅಲ್ಲೇ. ಹುಟ್ಟಿದ ಜಾಗದಲ್ಲೇ ಅಮ್ಮನ ಸರ ಕದ್ದುಕೊಂಡು ಕೂತಿದ್ದೆ.

ಹೌದು, ಕದ್ದದ್ದೇ. ಎಕ್ಸ್‌ರೇಗೆ ಕರೆದುಕೊಂಡು ಹೋಗುವಾಗ ನರ್ಸ್ ಅಮ್ಮನ ಒಂದೆಳೆ ಸರ ಬಿಚ್ಚಿ, ಕಾಗದದಲ್ಲಿ ಪೊಟ್ಟಣ ಕಟ್ಟಿ, ‘ಜೋಪಾನ’ ಅಂತ ನನ್ನ ಕೈಗೆ ಕೊಟ್ಟಿದ್ದರು. ಅಪ್ಪ ಮಾಡಿಸಿದ್ದ ಸರ. ಮನೆಯಲ್ಲಿ ಉಳಿದಿದ್ದ ಕೊನೆಯ ಚಿನ್ನ. ಪೊಟ್ಟಣ ಶರ್ಟಿನ ಜೇಬಿನಲ್ಲಿತ್ತು. ಬೆಳಿಗ್ಗೆ ಗಿರವಿ ಅಂಗಡಿ ತೆಗೆಯುತ್ತಲೇ ಇಡುವುದು, ಬಂದ ದುಡ್ಡಲ್ಲಿ ಕುಡಿಯುವುದು. ಅಮ್ಮ ಕೇಳಿದರೆ ನರ್ಸ್ ಕೊಡಲೇ ಇಲ್ಲ ಅನ್ನುವುದು. ಇಷ್ಟೂ ಲೆಕ್ಕ ಹಾಕಿ ಆಗಿತ್ತು.

ಲೆಕ್ಕವೇ ನನ್ನ ಕೆಲಸವಾಗಿತ್ತು. ಎಪಿಎಂಸಿಯ ಒಂದು ಟೊಮೆಟೊ ಮಂಡಿಯಲ್ಲಿ ಲೆಕ್ಕ ಬರೆಯುತ್ತಿದ್ದೆ. ಹರಾಜಾದ ಮೇಲೆ ರೈತನಿಗೆ ಪಟ್ಟಿ ಬರೆದು ಕೊಡಬೇಕು. ಹದಿನೈದು ಕೆಜಿಯ ಬಾಕ್ಸ್ ಎಷ್ಟು, ರೇಟು ಎಷ್ಟು, ಹಮಾಲಿ ಎಷ್ಟು, ಗಾಡಿ ಬಾಡಿಗೆ ಎಷ್ಟು, ಕೈಗೆ ಎಷ್ಟು. ಮುಳಬಾಗಿಲು ಕಡೆಯ ಒಬ್ಬ ರೈತರು ಹರಾಜಿಗೆ ಬರುತ್ತಲೇ ಇರಲಿಲ್ಲ. ಊರಿನವರ ಟೆಂಪೋದಲ್ಲಿ ಮಾಲು ಹಾಕಿ ಕಳಿಸುತ್ತಿದ್ದರು. ‘ನೀನು ಬರೆದಿದ್ದೇ ಲೆಕ್ಕ ಕಣಪ್ಪ’ ಅನ್ನುತ್ತಿದ್ದರು. 2020ರ ಮಳೆಗಾಲದಲ್ಲಿ ಅವರ ಪಟ್ಟಿಯಲ್ಲಿ ರೇಟು ಕಮ್ಮಿ ಬರೆದು, ಮಿಕ್ಕಿದ್ದನ್ನು ನಾನು ಇಟ್ಟುಕೊಂಡೆ. ಒಂದು ಸಲ ಅಲ್ಲ, ಹಲವು ಸಲ. ಒಟ್ಟು 23,600 ರೂಪಾಯಿ.

ಆ ದುಡ್ಡಿಗೆ ಬಡ್ಡಿ ಸಾಲ ಸೇರಿಸಿ ಒಂದೂವರೆ ಎಕರೆ ಗುತ್ತಿಗೆಗೆ ಹಿಡಿದು ಟೊಮೆಟೊ ಹಾಕಿದೆ. ಡ್ರಿಪ್ಪು, ಕಡ್ಡಿ, ದಾರ, ಔಷಧಿ, ಎಲ್ಲ ಸಾಲದಲ್ಲೇ. ಹಣ್ಣು ಬರುವ ಹೊತ್ತಿಗೆ 2021ರ ಲಾಕ್‌ಡೌನ್ ಬಂತು. ಮದುವೆ ಇಲ್ಲ, ಹೋಟೆಲ್ ಇಲ್ಲ, ಹೊರ ರಾಜ್ಯದ ಲಾರಿ ಕಮ್ಮಿ. ನನ್ನ ಬಾಕ್ಸ್ 45 ರೂಪಾಯಿಗೆ ಹೋಯಿತು. ಬಿಡಿಸುವ ಕೂಲಿಯೂ ಗಿಟ್ಟಲಿಲ್ಲ. ಹಣ್ಣು ಗಿಡದಲ್ಲೇ ಕೊಳೆಯಿತು. ಆಮೇಲಿನದು ಜಾಸ್ತಿ ಹೇಳುವುದಿಲ್ಲ. ಕುಡಿತ ಹೆಚ್ಚಾಯಿತು. ಕುಡಿದು ಮಂಡಿಗೆ ಹೋದೆ, ಕೆಲಸ ಹೋಯಿತು. ಹೆಂಡತಿ ಮಗನನ್ನು ಕರೆದುಕೊಂಡು ಚಿಂತಾಮಣಿಗೆ, ತವರಿಗೆ ಹೋದಳು. ಆದರೆ ಆ 23,600ರ ವಿಷಯ ಯಾರಿಗೂ ಗೊತ್ತಾಗಲಿಲ್ಲ. ಮಂಡಿ ಯಜಮಾನರಿಗೂ ಇಲ್ಲ, ಆ ರೈತರಿಗೂ ಇಲ್ಲ.

ಆ ರಾತ್ರಿ ಒಂಬತ್ತರ ಮೇಲಾಗಿತ್ತು. ವಾರ್ಡಿನಿಂದ ಒಬ್ಬ ಅಜ್ಜಿ ಕ್ಯಾರಿಯರ್ ಹಿಡಿದುಕೊಂಡು ಹೊರಗೆ ಬಂದರು. ಅಮ್ಮನ ಪಕ್ಕದ ಮಂಚದಲ್ಲಿ ಅವರ ತಂಗಿ ಇದ್ದರು. ಅಜ್ಜಿ ನನ್ನಿಂದ ಸ್ವಲ್ಪ ದೂರ ಕೂತು, ‘ಊಟ ಆಯ್ತೇನಪ್ಪಾ?’ ಅಂದರು.

‘ಆಯ್ತು ಅಜ್ಜಿ.’

ಅವರು ನನ್ನ ಮುಖ ನೋಡಿದರು. ಇನ್ನೊಂದು ಮಾತು ಕೇಳಲಿಲ್ಲ. ಕ್ಯಾರಿಯರಿನ ಮುಚ್ಚಳ ತೆಗೆದು, ಇದ್ದ ಒಂದೇ ಮುದ್ದೆಯನ್ನು ಮುರಿದು ದೊಡ್ಡ ಭಾಗ ಅದಕ್ಕೆ ಹಾಕಿ, ಬಸ್ಸಾರು ಸುರಿದು ನನ್ನ ಕಡೆ ತಳ್ಳಿದರು. ಮುದ್ದೆ ಆರಿ ಗಟ್ಟಿಯಾಗಿತ್ತು. ಸಾರಿನಲ್ಲಿ ಹುರುಳಿಕಾಳು, ಸೊಪ್ಪು. ಆ ಕಾಳು ಹಲ್ಲಿಗೆ ಸಿಕ್ಕಿದ್ದು ಈಗಲೂ ನೆನಪಿದೆ. ಎರಡು ದಿನದಿಂದ ನಾನು ಸರಿಯಾಗಿ ಉಂಡಿರಲಿಲ್ಲ. ಯಾರು, ಯಾವ ಊರು, ಏನು ಜನ, ಒಂದನ್ನೂ ಅವರು ವಿಚಾರಿಸಲಿಲ್ಲ. ಆ ಆರು ತಿಂಗಳಲ್ಲಿ ನನ್ನನ್ನು ಕಂಡವರೆಲ್ಲ ಮೊದಲು ಕೇಳುತ್ತಿದ್ದದ್ದು ಒಂದೇ: ದುಡ್ಡು ಯಾವಾಗ ಕೊಡ್ತೀಯಾ?

ಕೈ ತೊಳೆದು ಬಂದಾಗ ಅಜ್ಜಿ ಚೀಲದಿಂದ ಒಂದು ಹಳೇ ಬೈಬಲ್ ತೆಗೆದಿದ್ದರು. ‘ಕಣ್ಣಿಗೆ ಪೊರೆ ಬಂದೈತೆ. ನೀನು ಓದಿದೋನ ಥರ ಕಾಣ್ತೀಯ. ಒಂದು ಅಧ್ಯಾಯ ಓದಪ್ಪ, ದಾರ ಇಟ್ಟಿರೋ ಕಡೆ.’ ಉಂಡ ಋಣ, ಇಲ್ಲ ಅನ್ನಲಾಗಲಿಲ್ಲ. ದಾರ ಲೂಕನ ಸುವಾರ್ತೆಯ 19ನೇ ಅಧ್ಯಾಯದಲ್ಲಿತ್ತು. ಮಂಡಿಯಲ್ಲಿ ಪಟ್ಟಿ ಓದುವ ಹಾಗೆ ಒಂದೇ ದನಿಯಲ್ಲಿ ಓದತೊಡಗಿದೆ.

ಅದು ಜಕ್ಕಾಯನ ಕಥೆ. ಯೆರಿಕೋ ಊರಿನ ಸುಂಕದವನು. ಜನರಿಂದ ಜಾಸ್ತಿ ಕಿತ್ತುಕೊಂಡು ದುಡ್ಡು ಮಾಡಿದವನು. ಯೇಸುವನ್ನು ನೋಡಬೇಕೆಂದು ಮರ ಹತ್ತಿ ಕೂತಿರುತ್ತಾನೆ. ಯೇಸು ಮರದ ಕೆಳಗೆ ನಿಂತು ಹೆಸರು ಹಿಡಿದು ಕರೆದು, ಬೇಗ ಇಳಿದು ಬಾ, ಇವತ್ತು ನಾನು ನಿನ್ನ ಮನೆಯಲ್ಲೇ ಇಳಿದುಕೊಳ್ಳಬೇಕು ಅನ್ನುತ್ತಾನೆ. ಅಷ್ಟೇ. ಎಷ್ಟು ಕದ್ದೆ ಅಂತ ಕೇಳುವುದಿಲ್ಲ. ಆಮೇಲೆ ಜಕ್ಕಾಯ ತಾನಾಗಿಯೇ ಎದ್ದು ನಿಂತು ಲೆಕ್ಕ ಒಪ್ಪಿಸುತ್ತಾನೆ. ಅರ್ಧ ಆಸ್ತಿ ಬಡವರಿಗೆ, ಅನ್ಯಾಯವಾಗಿ ಕಿತ್ತುಕೊಂಡಿದ್ದಕ್ಕೆ ನಾಲ್ಕರಷ್ಟು ವಾಪಸ್ಸು.

ಅಲ್ಲಿಗೆ ನನ್ನ ದನಿ ನಿಂತಿತು. ಜೇಬಿನ ಪೊಟ್ಟಣ ಎದೆಗೆ ಒತ್ತುತ್ತಿತ್ತು. ಅಜ್ಜಿ ಗೋಡೆಗೆ ತಲೆ ಕೊಟ್ಟು ನಿದ್ದೆ ಹೋಗಿದ್ದರು. ನಾನು ಇನ್ನೊಂದು ಸಲ ಮೊದಲಿಂದ ಓದಿದೆ, ಈ ಸಲ ನನಗೋಸ್ಕರ. ಬೆಳಿಗ್ಗೆ ಪೊಟ್ಟಣ ಬಿಚ್ಚಿ ಸರವನ್ನು ಅಮ್ಮನ ಕೈಯಲ್ಲಿಟ್ಟೆ. ಅಮ್ಮನಿಗೆ ಏನೂ ಗೊತ್ತಿಲ್ಲ. ‘ನಿನ್ನ ಹತ್ರಾನೇ ಇರ್ಲಿ ಬಿಡೋ’ ಅಂದಳು. ಆ ಮಾತಿಗೆ ಹೊರಗೆ ಬಂದು ತುಂಬ ಹೊತ್ತು ಅತ್ತೆ.

ಅವತ್ತೇ ಎಲ್ಲ ಸರಿಹೋಯಿತು ಅಂತ ಬರೆದರೆ ಸುಳ್ಳಾಗುತ್ತದೆ. ಕುಡಿತ ಬಿಟ್ಟಾಗ ಕೈ ನಡುಗುತ್ತಿತ್ತು, ನಿದ್ದೆ ಇರಲಿಲ್ಲ. ಡಾಕ್ಟರಿಗೆ ನಿಜ ಹೇಳಿ ಮಾತ್ರೆ ತೆಗೆದುಕೊಂಡೆ. ಆದರೂ ಎರಡು ಸಲ ಜಾರಿದೆ. ಭಾನುವಾರ ಮೆಥೋಡಿಸ್ಟ್ ಚರ್ಚಿಗೆ ಹೋಗಿ ಕೊನೇ ಬೆಂಚಲ್ಲಿ ಕೂರುತ್ತಿದ್ದೆ, ಪ್ರಾರ್ಥನೆ ಮುಗಿಯುವ ಮೊದಲೇ ಎದ್ದು ಬರುತ್ತಿದ್ದೆ. ಗುರುತಿನವರು ಕೆಲವರು ‘ಎಷ್ಟು ಕೊಟ್ರು?’ ಅಂತ ಕೇಳಿದರು. ನೋವಾಯಿತು. ಯಾರೂ ನನಗೆ ಏನೂ ಕೊಟ್ಟಿರಲಿಲ್ಲ, ಒಂದು ತುಂಡು ಮುದ್ದೆ ಬಿಟ್ಟು. ಅಮ್ಮ ಇವತ್ತಿಗೂ ಕೋಲಾರಮ್ಮನ ಗುಡಿಗೆ ಹೋಗುತ್ತಾಳೆ, ಚೇಳಮ್ಮನಿಗೆ ಕಾಣಿಕೆ ಹಾಕುತ್ತಾಳೆ. ನಾನು ಗುಡಿ ಬಾಗಿಲ ತನಕ ಗಾಡಿಯಲ್ಲಿ ಬಿಟ್ಟು ಬರುತ್ತೇನೆ. ನಮ್ಮಿಬ್ಬರ ನಡುವೆ ಇದಕ್ಕೆ ಜಗಳ ಬಂದಿಲ್ಲ.

2022ರ ಏಪ್ರಿಲ್ 15, ಶುಭ ಶುಕ್ರವಾರ. ಮಧ್ಯಾಹ್ನ ಹನ್ನೆರಡರಿಂದ ಮೂರರವರೆಗೆ ಶಿಲುಬೆಯ ಮೇಲೆ ಯೇಸು ಆಡಿದ ಏಳು ಮಾತುಗಳ ಮೇಲೆ ಒಬ್ಬೊಬ್ಬರು ಮಾತಾಡುತ್ತಾರೆ. ಸೆಕೆ, ಫ್ಯಾನಿನ ಸದ್ದು. ಆರನೆಯ ಮಾತು ಯೋಹಾನನ ಸುವಾರ್ತೆಯದು. ಕನ್ನಡ ಬೈಬಲಿನಲ್ಲಿ ಅದು ಒಂದೇ ಪದ: ‘ತೀರಿತು.’

ಆ ಪದ ನನಗೆ ಹೊಸದೇ? ದಿನಾ ಬರೆಯುತ್ತಿದ್ದ ಪದ. ಬಾಕಿ ತೀರಿತು, ಸಾಲ ತೀರಿತು. ಸಾಲ ತೀರಿದೆ ಅಂತ ಬರೆಯಬೇಕಾದವನು ದುಡ್ಡು ಕೊಡಬೇಕಾದವನಲ್ಲ, ಬರಬೇಕಾದವನು. ಕೊಡಬೇಕಾದವನು ನಾನು. ನನ್ನ ಪರವಾಗಿ ಇನ್ನೊಬ್ಬರು ಕೊಟ್ಟು, ತೀರಿತು ಅಂದುಬಿಟ್ಟಿದ್ದಾರೆ. ನನಗೆ ಅದು ಅರ್ಥವಾದದ್ದು ಹಾಗೆ, ಮಂಡಿ ಭಾಷೆಯಲ್ಲಿ. ಆ ಬೆಂಚಿನ ಮೇಲೆ ಕೂತೇ ನಾನು ಯೇಸುವನ್ನು ನಂಬಿದೆ. ಅವತ್ತು ಕೊನೇ ತನಕ ಕೂತಿದ್ದೆ.

ಮುಂದಿನ ವಾರ ಮುಳಬಾಗಿಲು ಬಸ್ಸು ಹತ್ತಿದೆ. ಜೇಬಿನಲ್ಲಿ ಮೂರು ಸಾವಿರ, ಕೈಯಲ್ಲಿ ಒಂದು ನೋಟ್ ಪುಸ್ತಕ. ಆ ರೈತರು ಜಗುಲಿ ಮೇಲೆ ಕೂತಿದ್ದರು. ಮನೆಮಾತು ತೆಲುಗು. ‘ಕೂರ್ಚೋ’ ಅಂದರು. ನಾನು ನಿಂತುಕೊಂಡೇ ಎಲ್ಲ ಹೇಳಿದೆ. ಯಾವ ತಿಂಗಳು, ಎಷ್ಟು ಬಾಕ್ಸ್, ನಿಜವಾದ ರೇಟು, ನಾನು ಬರೆದ ರೇಟು. ಅವರು ಎದ್ದು ಕೊಟ್ಟಿಗೆಗೆ ಹೋದವರು ಒಂದು ಗಂಟೆ ಬರಲಿಲ್ಲ. ಬಂದ ಮೇಲೆ ಹೇಳಿದ್ದು ಒಂದೇ ಮಾತು: ‘ಆ ವರ್ಷ ಮಗಳ ಫೀಸಿಗೆ ಬಡ್ಡಿ ಸಾಲ ಮಾಡಿದೀನಿ ಕಣೋ.’

ಆ ಮಾತು ಹೊತ್ತುಕೊಂಡು ವಾಪಸ್ಸು ಬಂದೆ. ಕ್ಷಮಿಸಿದೆ ಅಂತ ಅವರು ಹೇಳಲಿಲ್ಲ, ಕೇಳುವ ಮುಖ ನನಗೂ ಇರಲಿಲ್ಲ. ಜಕ್ಕಾಯನ ಹಾಗೆ ನಾಲ್ಕರಷ್ಟು ಕೊಡುವ ಶಕ್ತಿಯೂ ಇರಲಿಲ್ಲ. ಗೊಬ್ಬರದ ಅಂಗಡಿಯೊಂದರಲ್ಲಿ ಕೆಲಸ ಸಿಕ್ಕಿತು. ಸೇರುವಾಗ ಮಾಲೀಕರಿಗೆ ನನ್ನ ಹಿಂದಿನ ಕಥೆ ಮುಚ್ಚಿಡಲಿಲ್ಲ. ತಿಂಗಳಿಗೆ 1,400ರಂತೆ ಹದಿನಾಲ್ಕು ತಿಂಗಳು ಕೊಟ್ಟೆ. ಪ್ರತಿ ಸಲ ನಾನೇ ಹೋಗಿ ಕೊಟ್ಟೆ. ಆ ನಡುವೆ ಹೆಂಡತಿ, ಮಗ ಮನೆಗೆ ಬಂದರು. ಅವಳು ಇನ್ನೂ ನನ್ನ ಬಾಯಿ ವಾಸನೆ ನೋಡುತ್ತಾಳೆ. ನೋಡಲಿ.

2023ರ ಜುಲೈ. ಕೋಲಾರದಲ್ಲಿ ಟೊಮೆಟೊ ಬಾಕ್ಸ್ ಎರಡು ಸಾವಿರ ದಾಟಿತ್ತು. ಆ ರೈತರದ್ದೂ ಮಾಲಿತ್ತು. ಕೊನೆಯ ಸಾವಿರ ರೂಪಾಯಿ ಹಿಡಿದು ಹೋದಾಗ ತೋಟದಿಂದ ಆಗ ತಾನೇ ಬಂದು ಕೈಕಾಲು ತೊಳೆಯುತ್ತಿದ್ದರು. ‘ಈ ಸಲ ದೇವ್ರು ಕೊಟ್ಟವ್ನೆ, ಇದು ಬಿಡು’ ಅಂದರು. ನಾನು ಬಿಡಲಿಲ್ಲ. ನೋಟು ಜಗುಲಿ ಮೇಲೆ ಇಟ್ಟು, ಪುಸ್ತಕ ಮುಂದೆ ಹಿಡಿದೆ. ಪಂಚೆಗೆ ಕೈ ಒರೆಸಿಕೊಂಡು ಪೆನ್ನು ತೆಗೆದುಕೊಂಡರು. ಒಂದೊಂದೇ ಅಕ್ಷರ ಕೂಡಿಸಿ, ಸೊಟ್ಟಗೆ, ದೊಡ್ಡದಾಗಿ ಬರೆದರು: ‘ಚುಕ್ತಾ.’ ಕೆಳಗೆ ಸಹಿ.

ಪುಸ್ತಕ ಮಡಿಚಿ ಹೊರಟೆ. ‘ಎಲ್ಲಿಗೋ?’ ಅಂದರು. ‘ಉಂಡ್ಕೊಂಡು ಹೋಗು.’ ಒಳಗೆ ಅವರ ಹೆಂಡತಿ ಆಗಲೇ ಮುದ್ದೆ ಕಟ್ಟುತ್ತಿದ್ದರು.